ನರದ ಪೊರೆಗೆ ತೇಪೆ ಹಾಕುವ ಔಷಧಿ ಗೆದ್ದಿತೇ, ಸೋತಿತೇ?

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಅಲರ್ಜಿಗೆ ಕೊಡುತ್ತಿದ್ದ ಹಳೆಯ ಕ್ಲೆಮಾಸ್ಟಿನ್, ಈ ಎರಡು ಮಾತ್ರೆಗಳನ್ನು ಜೊತೆಯಾಗಿ ಸೇವಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ರೋಗಿಗಳಲ್ಲಿ ಹಾಳಾದ ನರಪೊರೆ ದುರಸ್ತಿಯಾಗುತ್ತಿರುವ ಸೂಚನೆ ಇದೆಯೆಂದು 2025ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದ ಸಮ್ಮೇಳನವೊಂದರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ವರದಿ ಮಾಡಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಇದಕ್ಕೆ ವಿರುದ್ಧವೆನಿಸುವ ಸುದ್ದಿ ಬಂತು. ಕ್ಲೆಮಾಸ್ಟಿನ್‌ನ ಸುಧಾರಿತ ರೂಪವೆಂದೇ ಬಗೆಯಲಾಗಿದ್ದ ಪೈಪ್-307 ಎಂಬ ಹೊಸ ಔಷಧಿ ಎಂಎಸ್ ರೋಗಿಗಳ ಮೇಲಿನ ಎರಡನೇ ಹಂತದ ಪ್ರಯೋಗದಲ್ಲಿ ಗುರಿ ಮುಟ್ಟಲಿಲ್ಲ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡವೊಂದು, ಕ್ಲೆಮಾಸ್ಟಿನ್ ತೆಗೆದುಕೊಂಡ ಕೆಲವು ರೋಗಿಗಳ ಅಂಗವೈಕಲ್ಯ ಕಡಿಮೆಯಾಗುವ ಬದಲು ಬೇಗ ಬೇಗ ಹೆಚ್ಚಿತೆಂದು ಪ್ರಕಟಿಸಿತು.

ಒಂದೇ ಬಗೆಯ ಔಷಧಿಯ ಬಗ್ಗೆ ಉಪಕಾರಿ, ನಿರುಪಯೋಗಿ, ಅಪಾಯಕಾರಿ ಎಂಬ ಮೂರು ತೀರ್ಪುಗಳು ಒಂದೇ ವರ್ಷದಲ್ಲಿ ಬಂದರೆ ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಆದರೆ ಈ ಮೂರೂ ವರದಿಗಳು ಒಂದೇ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲ. ಯಾವ ರೋಗಿಯಲ್ಲಿ, ರೋಗದ ಯಾವ ಹಂತದಲ್ಲಿ, ಯಾವ ಅಳತೆಗೋಲಿನಿಂದ ನೋಡಿದೆವು ಎಂಬುದನ್ನು ಬಿಟ್ಟು ಓದಿದ್ದರಿಂದಲೇ ಅವು ಪರಸ್ಪರ ವಿರುದ್ಧವಾಗಿ ಕಾಣುತ್ತಿವೆ.

ಪೊರೆ ಮಾಡುವ ಎರಡು ಕೆಲಸ

ನರಕೋಶದಿಂದ ಹೊರಟ ಉದ್ದನೆಯ ತಂತುವಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ ಕೊಬ್ಬಿನಂಶದ ಪೊರೆಯೇ ಮೈಲಿನ್. ಮೆದುಳು ಮತ್ತು ಬೆನ್ನುಹುರಿಗಳಲ್ಲಿ ಇದನ್ನು ನೇಯುವ ಕೋಶಕ್ಕೆ ಆಲಿಗೊಡೆಂಡ್ರೊಸೈಟ್ ಎಂದು ಹೆಸರು. ಇಂಥ ಒಂದೊಂದು ಕೋಶವೂ ತನ್ನ ಕೈಗಳನ್ನು ಚಾಚಿ ಹತ್ತಾರು ತಂತುಗಳಿಗೆ ಪೊರೆ ತೊಡಿಸಬಲ್ಲದು. ಪೊರೆ ಉದ್ದಕ್ಕೂ ಅಖಂಡವಾಗಿರುವುದಿಲ್ಲ. ನಡುನಡುವೆ ಬತ್ತಲೆಯಾದ ಸಣ್ಣ ಗಂಟುಗಳಿರುತ್ತವೆ, ವಿದ್ಯುತ್ ಸಂಕೇತವು ಒಂದು ಗಂಟಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುತ್ತದೆ. ಪೊರೆಯಿಲ್ಲದ ತೆಳು ತಂತುವಿನಲ್ಲಿ ಸಂಕೇತದ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೆ, ಪೊರೆಯಿರುವ ದಪ್ಪ ತಂತುವಿನಲ್ಲಿ ಅದು ನೂರು ಮೀಟರನ್ನೂ ದಾಟುತ್ತದೆ.

ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಗೆ ಮೈಲಿನ್ನನ್ನು ಹೋಲಿಸುವುದು ರೂಢಿ. ಆದರೆ ಈ ಹೋಲಿಕೆ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ತಂತಿಯ ಹೊದಿಕೆ ಒಳಗಿನ ತಾಮ್ರಕ್ಕೆ ಊಟ ಹಾಕುವುದಿಲ್ಲ. ಆಲಿಗೊಡೆಂಡ್ರೊಸೈಟ್ ಮಾತ್ರ ತಾನು ಸುತ್ತಿಕೊಂಡ ತಂತುವಿಗೆ ಲ್ಯಾಕ್ಟೇಟಿನಂಥ ಇಂಧನವನ್ನೂ ಒದಗಿಸುತ್ತದೆ. ಹಾಗಾಗಿ ಪೊರೆ ಕಳಚಿದಾಗ ಎರಡು ಬಗೆಯ ನಷ್ಟಗಳಾಗುತ್ತವೆ. ಸಂಕೇತ ನಿಧಾನವಾಗುವುದು ಅಥವಾ ನಿಂತೇಹೋಗುವುದು ತಕ್ಷಣದ ನಷ್ಟ. ಪೋಷಣೆ ತಪ್ಪಿದ ತಂತುವೇ ವರ್ಷಗಳ ಅವಧಿಯಲ್ಲಿ ಸತ್ತುಹೋಗುವುದು ತಡವಾಗಿ ಕಾಣುವ ನಷ್ಟ. ಮೊದಲನೆಯದನ್ನು ಸರಿಪಡಿಸಬಹುದು, ಎರಡನೆಯದನ್ನು ಸಾಧ್ಯವಿಲ್ಲ. ಮೈಲಿನ್ ದುರಸ್ತಿಗೆ ಸಂಶೋಧಕರು ಇಷ್ಟು ಬೆಲೆ ಕೊಡುವುದು ಕಳೆದುಹೋದ ವೇಗವನ್ನು ಮರಳಿ ಪಡೆಯುವುದಕ್ಕಷ್ಟೇ ಅಲ್ಲ, ಇನ್ನೂ ಉಳಿದಿರುವ ತಂತುಗಳನ್ನು ಉಳಿಸಿಕೊಳ್ಳುವುದಕ್ಕೆ.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕೋಶಗಳೇ ಮೈಲಿನ್ ಮೇಲೆ ದಾಳಿ ಮಾಡುತ್ತವೆ. ಈಗ ಬಳಕೆಯಲ್ಲಿರುವ ಔಷಧಿಗಳೆಲ್ಲ ಈ ದಾಳಿಯನ್ನು ತಡೆಯುವಂಥವು, ಅವುಗಳಲ್ಲಿ ಕೆಲವು ಬಹಳ ಪರಿಣಾಮಕಾರಿ. ಆಗಿಹೋದ ಹಾನಿಯನ್ನು ಸರಿಪಡಿಸುವುದಕ್ಕೆಂದು ಅನುಮೋದನೆ ಪಡೆದ ಔಷಧಿ ಇನ್ನೂ ಒಂದೂ ಇಲ್ಲ.

ದೇಹ ತಾನೇ ಮಾಡಿಕೊಳ್ಳುವ ರಿಪೇರಿ

ಮೆದುಳು ತನ್ನ ಪೊರೆಯನ್ನು ತಾನೇ ಮತ್ತೆ ಕಟ್ಟಿಕೊಳ್ಳಬಲ್ಲದು ಎಂಬುದು ಹೊಸ ಸಂಗತಿಯೇನಲ್ಲ. ಬೆಕ್ಕಿನ ಬೆನ್ನುಹುರಿಯಲ್ಲಿ ಪೊರೆ ಮರಳಿ ಬೆಳೆಯುವುದನ್ನು ಬಂಜ್ ದಂಪತಿ ಮತ್ತು ಅವರ ಸಹೋದ್ಯೋಗಿ 1961ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಆಸ್ಟ್ರೇಲಿಯಾ ಮೂಲದ ನರರೋಗ ತಜ್ಞ ಜಾನ್ ಪ್ರಿನಿಯಾಸ್, ತೀರಿಕೊಂಡ ಎಂಎಸ್ ರೋಗಿಗಳ ಮೆದುಳಿನಲ್ಲಿಯೂ ಅದೇ ಬಗೆಯ ಹೊಸ, ತೆಳುವಾದ ಪೊರೆಗಳಿರುವುದನ್ನು 1979ರಲ್ಲಿ ವಿವರಿಸಿದರು. ಮೈಲಿನ್ ಕಳಚಿದ ಜಾಗಗಳಲ್ಲಿ ಮೂಡುವ ಕಲೆಗಳ ಅಂಚಿನಲ್ಲಿ ಬಣ್ಣ ಮಾಸಿದಂತೆ ಕಾಣುವ ಭಾಗಗಳನ್ನು ಅದಕ್ಕೂ ಮೊದಲೇ ‘ನೆರಳು ಕಲೆ’ ಎಂದು ಕರೆಯುತ್ತಿದ್ದರು. ಅವು ಅರ್ಧ ಹಾಳಾದ ಜಾಗಗಳಾಗಿರದೆ, ಮತ್ತೆ ಕಟ್ಟಲ್ಪಟ್ಟ ಜಾಗಗಳಾಗಿದ್ದವು.

ಆದರೆ ಇಷ್ಟು ತೆಳುವಾದ ಪೊರೆಯಿಂದ ಪ್ರಯೋಜನವುಂಟೇ? ಈ ಪ್ರಶ್ನೆಗೆ ಉತ್ತರ ಅನಿರೀಕ್ಷಿತ ಕಡೆಯಿಂದ ಬಂತು. ವಿಕಿರಣಕ್ಕೆ ಒಡ್ಡಿದ ಆಹಾರವನ್ನು ತಿಂಗಳುಗಟ್ಟಲೆ ತಿಂದ ಬೆಕ್ಕುಗಳು ತಮ್ಮ ಕೇಂದ್ರ ನರಮಂಡಲದ ಮೈಲಿನ್ನನ್ನು ವ್ಯಾಪಕವಾಗಿ ಕಳೆದುಕೊಂಡು ನಡೆಯಲಾರದಂತಾದವು. ಮಾಮೂಲಿ ಆಹಾರಕ್ಕೆ ಮರಳಿಸಿದಾಗ ನಿಧಾನವಾಗಿ ಚೇತರಿಸಿಕೊಂಡವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಮೈಲಿನ್ ರೋಗಗಳನ್ನು ಅಧ್ಯಯನ ಮಾಡಿದ ಪ್ರಾಣಿ ನರರೋಗ ತಜ್ಞ ಇಯಾನ್ ಡಂಕನ್ ಈ ಬೆಕ್ಕುಗಳನ್ನು ಪರೀಕ್ಷಿಸಿ 2009ರಲ್ಲಿ ವರದಿ ಬರೆದರು. ಮರಳಿ ಬಂದ ಪೊರೆ ಮೊದಲಿಗಿಂತ ತೆಳುವಾಗಿಯೇ ಇತ್ತು, ಆದರೂ ಬೆಕ್ಕುಗಳು ಮತ್ತೆ ನಡೆಯುತ್ತಿದ್ದವು. ತೇಪೆ ಹಾಕಿದ ಪೊರೆಯೂ ಕೆಲಸ ಮಾಡುತ್ತದೆ ಎಂಬ ನಂಬಿಕೆಗೆ ಬಲವಾದ ಆಧಾರಗಳಲ್ಲಿ ಇದೂ ಒಂದು. ಈ ಬೆಕ್ಕುಗಳು ಮುಂದೆಯೂ ಎರಡು ಬಾರಿ ಈ ಕಥೆಯೊಳಗೆ ಬರುತ್ತವೆ.

ಕೆಲಸ ಅರ್ಧಕ್ಕೆ ನಿಲ್ಲುವುದೇಕೆ

ಮನುಷ್ಯನಿಗೂ ಈ ಶಕ್ತಿಯಿದ್ದರೆ ಎಂಎಸ್ ತಾನಾಗಿ ಗುಣವಾಗಬೇಕಿತ್ತಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ವಯಸ್ಕರ ಮೆದುಳಿನಲ್ಲಿಯೂ ಆಲಿಗೊಡೆಂಡ್ರೊಸೈಟ್ ಆಗಿ ಬೆಳೆಯಬಲ್ಲ ಪೂರ್ವಕೋಶಗಳು ಹರಡಿಕೊಂಡಿರುತ್ತವೆ. ಹಾನಿಯಾದ ಜಾಗಕ್ಕೆ ಇವು ವಲಸೆ ಬಂದು, ಸಂಖ್ಯೆ ಹೆಚ್ಚಿಸಿಕೊಂಡು, ಬಲಿತು ಪೊರೆ ನೇಯಬೇಕು. ಎಂಎಸ್ ರೋಗಿಗಳ ಹಳೆಯ ಕಲೆಗಳನ್ನು ಪರೀಕ್ಷಿಸಿದವರಿಗೆ ಅನೇಕ ಕಡೆ ಪೂರ್ವಕೋಶಗಳು ಸಿಕ್ಕಿವೆ, ಕೆಲವೆಡೆ ಅವು ತಂತುಗಳತ್ತ ಕೈಚಾಚಿ ನಿಂತಿರುವುದೂ ಕಂಡಿದೆ. ಆದರೆ ಪೊರೆ ಮಾತ್ರ ಇಲ್ಲ. ಹೀಗಾಗಿ ಬಲಿಯುವ ಹಂತದಲ್ಲೇ ಕೆಲಸ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಮೆಟ್‌ಫಾರ್ಮಿನ್ ಮತ್ತು ಕ್ಲೆಮಾಸ್ಟಿನ್ ಕಥೆಯೆಲ್ಲ ನಿಂತಿರುವುದು ಈ ತೀರ್ಮಾನದ ಮೇಲೆ.

ವಯಸ್ಸಿನ ಪಾತ್ರವೂ ಇಲ್ಲಿ ದೊಡ್ಡದು. ಕೇಂಬ್ರಿಡ್ಜಿನಲ್ಲಿ ರಾಬಿನ್ ಫ್ರಾಂಕ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಮುದಿ ಇಲಿಯ ರಕ್ತಪರಿಚಲನೆಯನ್ನು ಎಳೆಯ ಇಲಿಯದಕ್ಕೆ ಜೋಡಿಸಿದಾಗ ಮುದಿ ಇಲಿಯ ದುರಸ್ತಿ ಶಕ್ತಿ ಮರುಕಳಿಸಿತು (2012). ಅಂದರೆ ಪೂರ್ವಕೋಶದ ಮುಪ್ಪು ತಿದ್ದಲಾಗದ್ದೇನಲ್ಲ. ಇದೇ ಗುಂಪು 2019ರಲ್ಲಿ, ವಯಸ್ಸಾದ ಇಲಿಗಳ ಪೂರ್ವಕೋಶಗಳು ಬಲಿಯುವಂತೆ ಸೂಚಿಸುವ ಸಂಕೇತಗಳಿಗೆ ಕಿವುಡಾಗಿರುತ್ತವೆ, ಉಪವಾಸ ಅಥವಾ ಮೆಟ್‌ಫಾರ್ಮಿನ್ ಆ ಕಿವುಡನ್ನು ಹೋಗಲಾಡಿಸುತ್ತದೆ ಎಂದು ತೋರಿಸಿತು. ಸಕ್ಕರೆ ಕಾಯಿಲೆಯ ಮಾತ್ರೆ ನರರೋಗದ ಚರ್ಚೆಗೆ ಬಂದದ್ದು ಹೀಗೆ. ಮೊದಲು ಮೆಟ್‌ಫಾರ್ಮಿನ್ ಕೋಶದ ಕಿವಿ ತೆರೆಸಬೇಕು, ಆಮೇಲೆ ಕ್ಲೆಮಾಸ್ಟಿನ್ ‘ಬಲಿ’ ಎಂದು ಹೇಳಬೇಕು ಎಂಬುದು ಎರಡನ್ನೂ ಕೂಡಿಸಿ ಕೊಡುವುದರ ಹಿಂದಿನ ತರ್ಕ.

ಕಣ್ಣಿನ ಕಿಟಕಿ

ಕ್ಲೆಮಾಸ್ಟಿನ್ ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವಿಜ್ಞಾನಿ ಜೋನಾ ಚಾನ್ ಮತ್ತು ಸಂಗಡಿಗರು ಶಂಕುವಿನಾಕಾರದ ಸೂಕ್ಷ್ಮ ಕಂಬಗಳ ಮೇಲೆ ಪೂರ್ವಕೋಶಗಳನ್ನು ಬೆಳೆಸಿ, ಕಂಬದ ಸುತ್ತ ಪೊರೆ ಎಷ್ಟು ಉಂಗುರಗಳಾಗಿ ಸುತ್ತಿಕೊಳ್ಳುತ್ತದೆಂಬುದನ್ನು ಮೇಲಿನಿಂದ ಎಣಿಸುವ ಉಪಾಯ ಹೂಡಿದರು. ಮೊದಲೇ ಮನುಷ್ಯರ ಬಳಕೆಯಲ್ಲಿದ್ದ ಸುಮಾರು ಸಾವಿರ ಔಷಧಿಗಳನ್ನು ಹೀಗೆ ಪರೀಕ್ಷಿಸಿದಾಗ ಮುಂದೆ ಬಂದವುಗಳಲ್ಲಿ ಕ್ಲೆಮಾಸ್ಟಿನ್ ಒಂದಾಗಿತ್ತು. ಈ ಫಲಿತಾಂಶ ಪ್ರಕಟವಾದದ್ದು 2014ರಲ್ಲಿ.

ಗಾಜಿನ ತಟ್ಟೆಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಅಡ್ಡಿಯಾದದ್ದು ಅಳತೆ. ಜೀವಂತ ವ್ಯಕ್ತಿಯ ಮೆದುಳಿನಲ್ಲಿ ಹೊಸ ಮೈಲಿನ್ನನ್ನು ನೇರವಾಗಿ ನೋಡುವುದು ಹೇಗೆ? ಅದೇ ವಿಶ್ವವಿದ್ಯಾಲಯದ ನರರೋಗ ತಜ್ಞ ಅರಿ ಗ್ರೀನ್ ತಮ್ಮ ಸಂಶೋಧನಾ ಜೀವನದ ಬಹುಭಾಗವನ್ನು ಈ ತೊಡಕಿಗೇ ಮೀಸಲಿಟ್ಟವರು, ಅವರು ಹಿಡಿದ ದಾರಿ ಕಣ್ಣಿನದು. ಕಣ್ಣಿನ ಹಿಂಪರದೆಯ ನರತಂತುಗಳಿಗೆ ಕಣ್ಣಿನೊಳಗೆ ಮೈಲಿನ್ ಇರುವುದಿಲ್ಲ, ಕಣ್ಣುಗುಡ್ಡೆ ದಾಟಿ ದೃಷ್ಟಿನರವಾದ ಮೇಲೆ ಇರುತ್ತದೆ. ಹಾಗಾಗಿ ಹಿಂಪರದೆಯ ದಪ್ಪವನ್ನು ಬೆಳಕಿನ ಸ್ಕ್ಯಾನಿನಿಂದ ಅಳೆದರೆ ತಂತುಗಳೆಷ್ಟು ಉಳಿದಿವೆಯೆಂದು ತಿಳಿಯುತ್ತದೆ. ಚೌಕುಳಿ ಪರದೆಯನ್ನು ತೋರಿಸಿ, ಆ ಸಂಕೇತ ತಲೆಯ ಹಿಂಭಾಗವನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದರೆ ಪೊರೆಯ ಸ್ಥಿತಿ ತಿಳಿಯುತ್ತದೆ. ಆರೋಗ್ಯವಂತರಲ್ಲಿ ಈ ಪಯಣಕ್ಕೆ ಸುಮಾರು 100 ಮಿಲಿಸೆಕೆಂಡು ಬೇಕು, ಪೊರೆ ಕಳೆದುಕೊಂಡವರಲ್ಲಿ ಇನ್ನೂ ಹೆಚ್ಚು. ತಂತು ಮತ್ತು ಪೊರೆ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಅನುಕೂಲ ನರಮಂಡಲದಲ್ಲಿ ಬೇರೆಲ್ಲೂ ಇಷ್ಟು ಸುಲಭವಾಗಿ ಒದಗುವುದಿಲ್ಲ. ಡಂಕನ್ ಅವರ ಬೆಕ್ಕುಗಳು ಇಲ್ಲಿ ಮತ್ತೆ ಬರುತ್ತವೆ: ಅವುಗಳಲ್ಲಿ ಸಂಕೇತದ ತಡವೂ ಮೈಲಿನ್ ಮರಳುವಿಕೆಯೂ ಹೊಂದಿಕೊಂಡು ಸಾಗುತ್ತವೆಂದು ಎರಡೂ ತಂಡಗಳು ಸೇರಿ 2019ರಲ್ಲಿ ತೋರಿಸಿದವು.

1.7 ಮಿಲಿಸೆಕೆಂಡಿನ ಜಗಳ

ಗ್ರೀನ್ ನೇತೃತ್ವದ ‘ರೀಬಿಲ್ಡ್’ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 50 ರೋಗಿಗಳು, ಎಲ್ಲರಿಗೂ ಮರುಕಳಿಸುವ ಬಗೆಯ ಎಂಎಸ್ ಮತ್ತು ಹಳೆಯ ದೃಷ್ಟಿನರದ ಹಾನಿ ಇತ್ತು. ಕ್ಲೆಮಾಸ್ಟಿನ್ ಪಡೆದ ಅವಧಿಯಲ್ಲಿ ಪ್ರತಿ ಕಣ್ಣಿನ ಸಂಕೇತದ ತಡ ಸರಾಸರಿ 1.7 ಮಿಲಿಸೆಕೆಂಡಿನಷ್ಟು ಕಡಿಮೆಯಾಯಿತು, ಅದರ ಜೊತೆಗೆ ರೋಗಿಗಳ ದಣಿವು ಹೆಚ್ಚಿತು.

ಇಲ್ಲಿಂದ ಎರಡು ವಾದಗಳು ಹುಟ್ಟಿಕೊಂಡವು. ಒಂದು ಪಕ್ಷದ ಪ್ರಕಾರ ಇದು ಐತಿಹಾಸಿಕ, ಏಕೆಂದರೆ ವರ್ಷಗಳ ಹಿಂದೆ ಹಾಳಾದ ನರದಲ್ಲೂ ಪೊರೆ ಕಟ್ಟಿಸಲು ಸಾಧ್ಯವೆಂಬುದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಪುರಾವೆಗಳಲ್ಲಿ ಇದು ಒಂದು. 2023ರಲ್ಲಿ ಅದೇ ಪ್ರಯೋಗದ ಎಂಆರ್‌ಐ ಚಿತ್ರಗಳ ಮರುವಿಶ್ಲೇಷಣೆಯೂ ಇದನ್ನು ಬೆಂಬಲಿಸಿತು. ಇನ್ನೊಂದು ಪಕ್ಷ ಕೇಳುವುದು ಸರಳ ಪ್ರಶ್ನೆ: ಹತ್ತಾರು ಮಿಲಿಸೆಕೆಂಡು ತಡವಿರುವಲ್ಲಿ ಎರಡು ಮಿಲಿಸೆಕೆಂಡನ್ನೂ ಮುಟ್ಟದ ಸುಧಾರಣೆಯಿಂದ ರೋಗಿಗೆ ಸಿಕ್ಕಿದ್ದೇನು? ಎರಡೂ ವಾದಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಜೈವಿಕ ಸಾಧ್ಯತೆಯನ್ನು ಸಾಬೀತುಪಡಿಸುವ ಪ್ರಯೋಗವನ್ನು ಚಿಕಿತ್ಸೆಯ ಪ್ರಯೋಗವೆಂಬಂತೆ ಬಿಂಬಿಸಿದ್ದೇ ತಪ್ಪು, ಆ ತಪ್ಪಿನಲ್ಲಿ ಪತ್ರಿಕೆಗಳ ತಲೆಬರಹಗಳ ಪಾಲು ಸಣ್ಣದಲ್ಲ.

ಹಾಗೆ ನೋಡಿದರೆ ಈ ಕ್ಷೇತ್ರದಲ್ಲಿ ಸೋಲುಗಳೇ ಹೆಚ್ಚು. ಓಪಿಸಿನುಮ್ಯಾಬ್ ಎಂಬ ಪ್ರತಿಕಾಯವು 418 ರೋಗಿಗಳ ಪ್ರಯೋಗದಲ್ಲಿ ಗುರಿ ತಲುಪದೆ ಹೋಯಿತು, 2020ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಕೇಂಬ್ರಿಡ್ಜಿನ ನರರೋಗ ತಜ್ಞ ಅಲಸ್ಡೇರ್ ಕೋಲ್ಸ್ ತಂಡ ಪರೀಕ್ಷಿಸಿದ ಬೆಕ್ಸಾರೊಟಿನ್ ಎಂಬ ಕ್ಯಾನ್ಸರ್ ಔಷಧಿಯ ಕಥೆ ಇನ್ನೂ ವಿಚಿತ್ರ. 2021ರಲ್ಲಿ ಪ್ರಕಟವಾದ ಆ ಪ್ರಯೋಗ ಎಂಆರ್‌ಐ ಆಧಾರಿತ ಮುಖ್ಯ ಗುರಿಯನ್ನು ಮುಟ್ಟಲಿಲ್ಲ, ಆದರೆ ಕಣ್ಣಿನ ಸಂಕೇತದಲ್ಲಿ ದುರಸ್ತಿಯ ಲಕ್ಷಣ ಕಾಣಿಸಿತು. ಔಷಧಿ ಪಡೆದವರೆಲ್ಲರಿಗೂ ಥೈರಾಯ್ಡ್ ಕುಂದಿದ್ದರಿಂದ ಅದನ್ನು ಮುಂದುವರಿಸುವ ಪ್ರಶ್ನೆಯೇ ಬರಲಿಲ್ಲ. ಮೆಟ್‌ಫಾರ್ಮಿನ್ ಮತ್ತು ಕ್ಲೆಮಾಸ್ಟಿನ್ ಜೋಡಿ ಕೋಲ್ಸ್ ತಂಡದ ಮುಂದಿನ ಪ್ರಯತ್ನ: 70 ರೋಗಿಗಳು, ಸುಮಾರು ಆರು ತಿಂಗಳು. ಹುಸಿಮಾತ್ರೆ ಪಡೆದವರಲ್ಲಿ ಸಂಕೇತ ನಿಧಾನವಾಗುತ್ತ ಹೋಯಿತು, ಔಷಧಿ ಪಡೆದವರಲ್ಲಿ ಇದ್ದ ಮಟ್ಟದಲ್ಲೇ ಉಳಿಯಿತು; ಎರಡರ ನಡುವಿನ ಅಂತರ 1.2 ಮಿಲಿಸೆಕೆಂಡು. ರೋಗಿಗಳು ತಮಗೆ ಹಿತವೆನಿಸಿತೆಂದು ಹೇಳುವಂಥ ಬದಲಾವಣೆ ಏನೂ ಆಗಲಿಲ್ಲ.

ಪೈಪ್-307 ಸೋತದ್ದರ ಅರ್ಥ

ಅಲರ್ಜಿಯ ಔಷಧಿ ಪೊರೆ ಕಟ್ಟಿಸುವುದು ಹೇಗೆಂಬ ಬಗ್ಗೆಯೂ ಒಮ್ಮತವಿಲ್ಲ, ಹೊಸ ಔಷಧಿಯ ಸೋಲನ್ನು ಅರ್ಥಮಾಡಿಕೊಳ್ಳಲು ಈ ಭಿನ್ನಮತ ತಿಳಿದಿರಬೇಕು. ಪೂರ್ವಕೋಶದ ಮೇಲಿರುವ ಎಂ1 ಎಂಬ ಗ್ರಾಹಕವನ್ನು (ರಾಸಾಯನಿಕ ಸಂಕೇತಗಳನ್ನು ಹಿಡಿಯುವ ಅಣುವನ್ನು) ತಡೆಯುವುದರಿಂದ ಕೋಶ ಬಲಿಯುತ್ತದೆ ಎಂಬುದು ಚಾನ್ ಮತ್ತು ಗ್ರೀನ್ ಅವರ ವಿವರಣೆ. ಕ್ಲೆಮಾಸ್ಟಿನ್ ದೇಹದ ಬೇರೆ ಗ್ರಾಹಕಗಳನ್ನೂ ತಡೆಯುವುದರಿಂದ ನಿದ್ದೆ, ದಣಿವು ಬರುತ್ತವೆ. ಎಂ1 ಒಂದನ್ನೇ ತಡೆಯುವ ಔಷಧಿ ತಯಾರಿಸಿದರೆ ಹೆಚ್ಚಿನ ಪ್ರಮಾಣದಲ್ಲಿ ಕೊಡಬಹುದೆಂಬ ಎಣಿಕೆಯಿಂದ ಹುಟ್ಟಿದ್ದು ಪೈಪ್-307.

ಆದರೆ 2018ರಲ್ಲಿ ಅಮೆರಿಕದ ಇನ್ನೊಂದು ತಂಡ ಬೇರೆಯೇ ವಿವರಣೆ ಮುಂದಿಟ್ಟಿತ್ತು. ಕ್ಲೆಮಾಸ್ಟಿನ್ ಸೇರಿದಂತೆ ಪೊರೆ ಕಟ್ಟಿಸುವ ಅನೇಕ ಔಷಧಿಗಳು ಕೋಶದೊಳಗೆ ಕೊಲೆಸ್ಟೆರಾಲ್ ತಯಾರಾಗುವ ಸರಪಳಿಯ ಕೆಲವು ಕಿಣ್ವಗಳನ್ನು ತಡೆಯುತ್ತವೆ, ಆಗ ಶೇಖರವಾಗುವ ಸ್ಟೆರಾಲ್‌ಗಳೇ ಕೋಶವನ್ನು ಬಲಿಸುತ್ತವೆ ಎಂಬುದು ಅವರ ವಾದ. ಇದು ಸರಿಯಾಗಿದ್ದರೆ ಎಂ1 ಒಂದನ್ನೇ ಗುರಿಯಾಗಿಸಿದ ಔಷಧಿ ಕ್ಲೆಮಾಸ್ಟಿನ್‌ನ ಅನಗತ್ಯ ಗುಣಗಳ ಜೊತೆಗೆ ಅಗತ್ಯ ಗುಣವನ್ನೂ ಕಳೆದುಕೊಂಡಿರಬಹುದು. ಹಾಗೆಂದು ಒಂದು ಪ್ರಯೋಗದ ಸೋಲಿನಿಂದ ಎಂ1 ವಾದ ಬಿದ್ದುಹೋಯಿತೆನ್ನಲಾಗದು. ಆ ಪ್ರಯೋಗದ ಮುಖ್ಯ ಅಳತೆ ಮಸುಕು ಅಕ್ಷರಗಳನ್ನು ಓದುವ ಸಾಮರ್ಥ್ಯವಾಗಿತ್ತು. ತಂತುಗಳೇ ಸತ್ತಿದ್ದರೆ ಪೊರೆ ಎಷ್ಟು ಕಟ್ಟಿದರೂ ಅಕ್ಷರ ಕಾಣುವುದಿಲ್ಲ.

ಹಾನಿಯ ವರದಿ

ಮೂವರು ರೋಗಿಗಳಿಗೆ ಹಾನಿಯಾಯಿತೆಂಬ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವರದಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬಿಬಿಯಾನಾ ಬೀಲೆಕೋವಾ ಎಂಬ ನರರೋಗ ತಜ್ಞೆಯ ತಂಡ ನಡೆಸಿದ ಆ ಪ್ರಯೋಗದ ಕ್ಲೆಮಾಸ್ಟಿನ್ ವಿಭಾಗದಲ್ಲಿದ್ದವರು 9 ಮಂದಿ, ಅವರಲ್ಲಿ 3 ಮಂದಿಯ ಅಂಗವೈಕಲ್ಯ ಮೊದಲಿಗಿಂತ ವೇಗವಾಗಿ ಏರಿದ್ದರಿಂದ ಔಷಧಿ ನಿಲ್ಲಿಸಬೇಕಾಯಿತು. ಇವರೆಲ್ಲ ರೀಬಿಲ್ಡ್ ಪ್ರಯೋಗದವರಂತೆ ಮರುಕಳಿಸುವ ಹಂತದವರಲ್ಲ, ದಾಳಿಗಳ ಲೆಕ್ಕವಿಲ್ಲದೆ ರೋಗ ನಿಧಾನವಾಗಿ ಏರುತ್ತಲೇ ಹೋಗುವ ಪ್ರಗತಿಶೀಲ ಹಂತದವರು. ಆ ಹಂತದಲ್ಲಿ ಮೆದುಳಿನೊಳಗಿನ ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳು ಸದಾ ಉರಿಯುತ್ತಿರುತ್ತವೆ. ಕ್ಲೆಮಾಸ್ಟಿನ್ ಅವುಗಳ ಮೇಲಿನ ಇನ್ನೊಂದು ಗ್ರಾಹಕದ ಚಟುವಟಿಕೆಯನ್ನು ಹೆಚ್ಚಿಸಿ, ಕೋಶಗಳು ಒಡೆದು ಉರಿಯೂತ ಹಬ್ಬಿಸುತ್ತ ಸಾಯುವಂತೆ ಮಾಡುತ್ತದೆ ಎಂಬುದು ಸಂಶೋಧಕರ ವಿವರಣೆ.

ಒಂಬತ್ತು ಜನರಿಂದ ಕೊನೆಯ ಮಾತು ಹೇಳಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಲಾಭದ ಪುರಾವೆ 50 ಮತ್ತು 70 ಜನರದ್ದಾಗಿ, ಅದೂ ಮಿಲಿಸೆಕೆಂಡುಗಳಲ್ಲಿ ಇರುವಾಗ, ಹಾನಿಯ ಸುಳಿವನ್ನು ಸಂಖ್ಯೆ ಸಣ್ಣದೆಂದು ತಳ್ಳಿಹಾಕುವುದು ಜಾಣತನವಲ್ಲ. ಹಳೆಯ, ಅಗ್ಗದ ಔಷಧಿಯೆಂಬ ಕಾರಣಕ್ಕೆ ಅದನ್ನು ತಾವಾಗಿಯೇ ಶುರುಮಾಡಲು ಹೊರಡುವ ರೋಗಿಗಳಿಗೆ ಈ ವರದಿ ನೇರವಾಗಿ ಸಂಬಂಧಿಸಿದ್ದು.

ನೆಯ್ಗೆ ಯಾವ ಕೋಶದ್ದು?

ಇದಕ್ಕಿಂತ ಆಳದ ಅನುಮಾನವೊಂದು 2019ರಿಂದ ಈ ಕ್ಷೇತ್ರವನ್ನು ಕಾಡುತ್ತಿದೆ. ಶೀತಲ ಸಮರದ ಕಾಲದ ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14 ಪ್ರಮಾಣವನ್ನು ಕೋಶಗಳ ಡಿಎನ್‌ಎಯಲ್ಲಿ ಅಳೆದರೆ ಆ ಕೋಶ ಹುಟ್ಟಿದ ಕಾಲವನ್ನು ಅಂದಾಜು ಮಾಡಬಹುದು. ಸ್ಟಾಕ್‌ಹೋಮಿನ ಯೋನಾಸ್ ಫ್ರಿಸೇನ್ ತಂಡ ಹೀಗೆ ಎಂಎಸ್ ರೋಗಿಗಳ ನೆರಳು ಕಲೆಗಳಲ್ಲಿನ ಆಲಿಗೊಡೆಂಡ್ರೊಸೈಟ್‌ಗಳ ವಯಸ್ಸನ್ನು ಅಳೆದಾಗ, ಅವು ರೋಗ ಬಂದಮೇಲೆ ಹುಟ್ಟಿದವಲ್ಲ, ಬಹುಪಾಲು ಹಳೆಯವೇ ಎಂದು ಗೊತ್ತಾಯಿತು. ರೋಗ ತೀವ್ರವಾಗಿದ್ದ ಕೆಲವರಲ್ಲಿ ಮಾತ್ರ ಹೊಸ ಕೋಶಗಳ ಹುಟ್ಟು ಕಂಡಿತು. ಬಲಿತ ಹಳೆಯ ಕೋಶಗಳೂ ಹೊಸ ಪೊರೆ ನೇಯಬಲ್ಲವೆಂಬುದಕ್ಕೆ ಅದಕ್ಕೂ ಒಂದು ವರ್ಷ ಮೊದಲು ಡಂಕನ್ ಪುರಾವೆ ಕೊಟ್ಟಿದ್ದರು, ಮೂರನೆಯ ಬಾರಿ ಅದೇ ಬೆಕ್ಕುಗಳಿಂದ.

ಇದರ ಪರಿಣಾಮ ದೊಡ್ಡದು. ಮನುಷ್ಯರಲ್ಲಿ ದುರಸ್ತಿ ಮಾಡುವುದು ದಾಳಿಯಿಂದ ಬದುಕುಳಿದ ಹಳೆಯ ಕೋಶಗಳೇ ಆಗಿದ್ದರೆ, ಪೂರ್ವಕೋಶಗಳನ್ನು ಬಲಿಸುವುದಕ್ಕಿಂತ ಹಳೆಯವನ್ನು ಸಾಯದಂತೆ ನೋಡಿಕೊಳ್ಳುವುದು ಮುಖ್ಯವಾಗುತ್ತದೆ, ದಾಳಿಯನ್ನು ಬೇಗ ತಡೆಯುವುದೇ ದುರಸ್ತಿಯ ಮೊದಲ ಹೆಜ್ಜೆಯಾಗುತ್ತದೆ. ದಶಕಗಳಿಂದ ಇಲಿಗಳಲ್ಲಿ ಕಂಡ ಸತ್ಯ ಮನುಷ್ಯರಿಗೆ ಎಷ್ಟು ಒಪ್ಪುತ್ತದೆಂಬ ಮುಜುಗರದ ಪ್ರಶ್ನೆಯೂ ಇದರೊಂದಿಗೆ ಏಳುತ್ತದೆ. ಇಲಿಯಲ್ಲಿ ಪೂರ್ವಕೋಶಗಳಿಂದ ಹೊಸ ಪೊರೆ ವಾರಗಳಲ್ಲಿ ಬರುತ್ತದೆ. ಔಷಧಿಗಳನ್ನೆಲ್ಲ ಆರಿಸಿದ್ದು ಆ ಆಧಾರದ ಮೇಲೆ.

ನಮ್ಮ ಊರಿನ ರೋಗಿಗಳಿಗೆ

ಕರ್ನಾಟಕದಲ್ಲಿ ಈ ರೋಗ ವಿರಳವೆಂಬ ಭಾವನೆಯಿತ್ತು. ಮಂಗಳೂರಿನಲ್ಲಿ ನರರೋಗ ತಜ್ಞೆ ಲೇಖಾ ಪಂಡಿತ್ ಮತ್ತು ಸಂಗಡಿಗರು ಮೈಲಿನ್ ರೋಗಗಳ ನೋಂದಣಿ ಪಟ್ಟಿಯೊಂದನ್ನು ಕಟ್ಟಿ ನಡೆಸಿದ ಅಧ್ಯಯನದ ಪ್ರಕಾರ ನಗರದಲ್ಲಿ ಎಂಎಸ್ ಪ್ರಮಾಣ ಲಕ್ಷಕ್ಕೆ ಸುಮಾರು 8. ಉತ್ತರ ಯುರೋಪಿನ ಅನೇಕ ದೇಶಗಳಲ್ಲಿ ಇದು ನೂರನ್ನು ಮೀರುತ್ತದೆ. ಇಲ್ಲಿನ ವೈದ್ಯರಿಗೆ ಹೆಚ್ಚು ಮುಖ್ಯವಾದ ಸಂಗತಿಯೆಂದರೆ, ನಮ್ಮಲ್ಲಿ ಎಂಎಸ್‌ನಂತೆಯೇ ಕಾಣುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ರೋಗದ ಪಾಲು ದೊಡ್ಡದು. ಅದರಲ್ಲಿ ಪ್ರತಿಕಾಯಗಳು ಮೊದಲು ದಾಳಿ ಮಾಡುವುದು ಆಸ್ಟ್ರೋಸೈಟ್ ಎಂಬ ಬೇರೆ ಕೋಶದ ಮೇಲೆ, ಮೈಲಿನ್ ಕಳಚುವುದು ಅದರ ಹಿಂದಿನಿಂದ. ಹಾಗಾಗಿ ಎಂಎಸ್‌ಗೆಂದು ಬರುವ ದುರಸ್ತಿ ಔಷಧಿ ಇವರಿಗೂ ಒಪ್ಪುತ್ತದೆಂದು ಊಹಿಸಲು ಆಧಾರವಿಲ್ಲ.

ಮುಂದಿನ ಪ್ರಯೋಗ

ಮೆಟ್‌ಫಾರ್ಮಿನ್ ಮತ್ತು ಕ್ಲೆಮಾಸ್ಟಿನ್ ಎರಡಕ್ಕೂ ಪೇಟೆಂಟ್ ಮುಗಿದು ಬಹಳ ಕಾಲವಾಗಿದೆ. ರೋಗಿಗೆ ಇದು ಅನುಕೂಲ, ಸಂಶೋಧನೆಗೆ ತೊಡಕು, ಏಕೆಂದರೆ ಲಾಭ ಬರದ ಔಷಧಿಯ ಮೇಲೆ ಸಾವಿರಾರು ರೋಗಿಗಳ ದೀರ್ಘ ಪ್ರಯೋಗಕ್ಕೆ ಯಾವ ಕಂಪನಿಯೂ ಹಣ ಹೂಡುವುದಿಲ್ಲ. ಹಣ ಬರಬೇಕಾದದ್ದು ಸರ್ಕಾರಗಳಿಂದ ಮತ್ತು ರೋಗಿಗಳ ಸಂಘಗಳಿಂದ. ಬ್ರಿಟನ್ನಿನ ಎಂಎಸ್ ಸೊಸೈಟಿಯ ನೆರವಿನಿಂದ 2023ರಲ್ಲಿ ಶುರುವಾದ ‘ಆಕ್ಟೋಪಸ್’ ಅಂಥದ್ದೊಂದು ಪ್ರಯತ್ನ. ಪ್ರಗತಿಶೀಲ ಹಂತದ ರೋಗಿಗಳ ಮೇಲೆ ಹಲವು ಔಷಧಿಗಳನ್ನು ಒಂದೇ ಚೌಕಟ್ಟಿನಲ್ಲಿ ಪರೀಕ್ಷಿಸುವ ಈ ಪ್ರಯೋಗ, ಮೊದಲ ಹಂತದಲ್ಲಿ ಮೆದುಳು ಕುಗ್ಗುವ ವೇಗವನ್ನು ನೋಡಿ, ಆ ಪರೀಕ್ಷೆ ದಾಟಿದ ಔಷಧಿಯನ್ನು ಮಾತ್ರ ಎರಡನೇ ಹಂತಕ್ಕೆ ಒಯ್ದು ಅಂಗವೈಕಲ್ಯದ ಮೇಲೆ ಪರಿಣಾಮ ನೋಡುತ್ತದೆ. ಚೌಕುಳಿ ಪರದೆಯ ಮಿಲಿಸೆಕೆಂಡುಗಳಿಂದ ನಡೆದಾಡುವ ಸಾಮರ್ಥ್ಯದ ಕಡೆಗೆ ಅಳತೆಗೋಲು ಸರಿಯುವುದು ಇಲ್ಲಿ. ಮೊದಲ ಸುತ್ತಿಗೆ ಆಯ್ದ ಎರಡು ಔಷಧಿಗಳಲ್ಲಿ ಒಂದು ಮೆಟ್‌ಫಾರ್ಮಿನ್, ಇನ್ನೊಂದು ಆಲ್ಫಾ ಲಿಪೊಯಿಕ್ ಆಮ್ಲ. ಆ ಸುತ್ತಿನಲ್ಲಿ ಕ್ಲೆಮಾಸ್ಟಿನ್ ಇಲ್ಲ.